ಹಟ್ಟಿಯ ಧೂಳು, ಫ್ಲ್ಯಾಟಿನ ಉಬ್ಬಸ

ಪ್ರಶ್ನೆ: ಮಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದ ನಮ್ಮ ಆರು ವರ್ಷದ ಮಗನಿಗೆ ಆಸ್ತಮಾ ಇದೆ. ಹೆಬ್ರಿಯ ಹಿರಿಯರ ಮನೆಯಲ್ಲಿ ಹಟ್ಟಿಯ ಪಕ್ಕದಲ್ಲೇ ಬೆಳೆದ ಅವನ ದೊಡ್ಡಪ್ಪನ ಮಕ್ಕಳಿಗೆ ಇಲ್ಲ. ಅತಿಯಾದ ಶುಚಿತ್ವವೇ ಇದಕ್ಕೆ ಕಾರಣವೇ? ಪ್ರೋಬಯಾಟಿಕ್ (ಕರುಳಿಗೆ ಹಿತವೆನ್ನುವ ಬ್ಯಾಕ್ಟೀರಿಯಾಗಳ ಪುಡಿ, ಮಾತ್ರೆ) ಕೊಡುವುದೋ, ರಜೆಯಲ್ಲಿ ಊರಿಗೆ ಕಳುಹಿಸುವುದೋ?
– ಓದುಗರೊಬ್ಬರು, ಕದ್ರಿ

ಉತ್ತರ: ಒಂದು ಮಗುವಿನ ಕಾಯಿಲೆಗೆ ಇದೇ ಕಾರಣವೆಂದು ಪತ್ರ ಓದಿ ಹೇಳಲಾಗದು. ಆದರೆ ನೀವು ಗಮನಿಸಿದ ವ್ಯತ್ಯಾಸವನ್ನು ಸಂಶೋಧಕರೂ ಕಂಡಿದ್ದಾರೆ. ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಕೃಷಿಕ ಸಮುದಾಯಗಳು ವಂಶಮೂಲದಲ್ಲಿಯೂ ಬದುಕಿನ ರೀತಿಯಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯವು. ಆದರೆ ಆಮಿಶರದು ಮನೆಯ ಸಮೀಪವೇ ದನಗಳಿರುವ ಸಾಂಪ್ರದಾಯಿಕ ಬೇಸಾಯ, ಹಟರೈಟರದು ಯಂತ್ರಗಳನ್ನು ನೆಚ್ಚಿದ ದೊಡ್ಡ ಫಾರ್ಮು. ಹಟರೈಟ್ ಮಕ್ಕಳಲ್ಲಿ ಆಸ್ತಮಾ ಸುಮಾರು ನಾಲ್ಕು ಪಟ್ಟು ಹೆಚ್ಚು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಮಿಶ್ ಮನೆಗಳ ಧೂಳಿನ ಸಾರವನ್ನು ಇಲಿಗಳ ಮೂಗಿಗೆ ಬಿಟ್ಟಾಗ ಶ್ವಾಸನಾಳದ ಅಲರ್ಜಿ ತಗ್ಗಿತು. ಹಟರೈಟ್ ಮನೆಗಳ ಧೂಳಿನಿಂದ ಹಾಗಾಗಲಿಲ್ಲ.

ಆದ್ದರಿಂದ ಸೋಪಿನ ಮೇಲೆ ತಪ್ಪು ಹೊರಿಸಬೇಡಿ. ಊಟಕ್ಕೆ ಮೊದಲು ಕೈ ತೊಳೆಯುವುದನ್ನು ಬಿಟ್ಟರೆ ಸಿಗುವುದು ಹೊಟ್ಟೆನೋವು ಮಾತ್ರ. ಇಲ್ಲಿ ಮುಖ್ಯವಾದದ್ದು ದನ, ಮಣ್ಣು, ಗಿಡಗಳಿಂದ ಬರುವ ನಾನಾ ಬಗೆಯ ಸೂಕ್ಷ್ಮಜೀವಿಗಳ ಸಹವಾಸ, ಅದರಲ್ಲಿಯೂ ಹುಟ್ಟಿದ ಮೊದಲ ವರ್ಷದಲ್ಲಿ. ರೋಗನಿರೋಧಕ ವ್ಯವಸ್ಥೆಯು ಯಾವುದನ್ನು ಸಹಿಸಬೇಕು, ಯಾವುದರ ಮೇಲೆ ಹರಿಹಾಯಬೇಕು ಎಂಬುದನ್ನು ಬಹುಪಾಲು ಕಲಿಯುವುದು ಆಗಲೇ. ಈಗಾಗಲೇ ನೆಲೆಯೂರಿದ ಆಸ್ತಮಾವನ್ನು ಎರಡು ತಿಂಗಳ ಹಟ್ಟಿವಾಸ ಗುಣಪಡಿಸದು. ಬೈಹುಲ್ಲಿನ ಧೂಳು ಉಬ್ಬಸವನ್ನು ಕೆರಳಿಸಲೂಬಹುದು. ಊರಿಗೆ ಖಂಡಿತ ಕಳುಹಿಸಿ, ಜೊತೆಗೆ ಇನ್ಹೇಲರನ್ನೂ ಕಳುಹಿಸಿ.

ಪ್ರೋಬಯಾಟಿಕ್ ಆಸ್ತಮಾಕ್ಕೆ ಚಿಕಿತ್ಸೆಯಲ್ಲ. ಕರುಳಿನ ಬ್ಯಾಕ್ಟೀರಿಯಾ ನಾರಿನಂಶವನ್ನು ಹುದುಗಿಸಿ ಉರಿಯೂತ ತಗ್ಗಿಸುವ ಬ್ಯುಟಿರೇಟಿನಂತಹ ಆಮ್ಲಗಳನ್ನು ತಯಾರಿಸುತ್ತವೆ. ಬಸಳೆ, ಹರಿವೆ, ಅಲಸಂಡೆ, ನೆನೆಸಿ ಬೇಯಿಸಿದ ಹುರುಳಿ ಅವುಗಳ ಆಹಾರ. ಬೇಕರಿ ತಿಂಡಿಯಲ್ಲಿ ಅವಕ್ಕೆ ದಕ್ಕುವುದು ಅತ್ಯಲ್ಪ. ವೈರಸ್ಸಿನ ಶೀತಕ್ಕೆ ಆಂಟಿಬಯಾಟಿಕ್ ಕೇಳಿ ಪಡೆಯುವ ನಮ್ಮ ಚಾಳಿಯೂ ಈ ಜೀವಿಗಳಿಗೆ ಮಾರಕ.

ಕರಾವಳಿಯಲ್ಲಿ ಮಣ್ಣಿನ ಗುಣಗಾನಕ್ಕೆ ಒಂದು ಮಿತಿ ಇರಲಿ. ಮಳೆಗಾಲದ ಕೆಸರುನೀರಿನಲ್ಲಿ ಇಲಿಜ್ವರದ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ, ಕಾಲಿನಲ್ಲಿ ಗಾಯವಿರುವಾಗ ಗದ್ದೆಗೆ ಇಳಿಸಬೇಡಿ. ಇನ್ನು ಫ್ಲ್ಯಾಟಿನಲ್ಲಿ, ಆಷಾಢದ ಹೊತ್ತಿಗೆ ಕಪಾಟಿನ ಹಿಂದಿನ ಗೋಡೆಯಲ್ಲಿ ಕಪ್ಪಾಗಿ ಹಬ್ಬುವ ಬೂಸ್ಟನ್ನು ಮೊದಲು ನೋಡಿ; ಅದೂ ಸೂಕ್ಷ್ಮಜೀವಿಯೇ, ಆದರೆ ಆಸ್ತಮಾವನ್ನು ಕೆರಳಿಸುವಂಥದ್ದು.