ಹತ್ತು ದಿನದಲ್ಲಿ ಮೂರು ಆದಿತ್ಯವಾರ

ನಿಮ್ಮ ಪ್ರಶ್ನೆ ಇದು: "ಕ್ರಿಶ್ಚಿಯನ್ ಹಿಸ್ಟಾರಿಕಲ್ ರೊಮ್ಯಾನ್ಸ್ ಅಂತ ಬರುತ್ತದಲ್ಲ, ಸ್ವಲ್ಪ ಮಿಸ್ಟರಿಯೂ ಇರುವಂಥದ್ದು, ಅದು ಕ್ರೈಸ್ತರಲ್ಲದವರಿಗೆ ಹಿಡಿಸುತ್ತದಾ? ಬರೀ ಉಪದೇಶವಾ? ಎಲ್ಲಿಂದ ಶುರು ಮಾಡಲಿ?"

ನಾನೂ ಕ್ರೈಸ್ತಳಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ಏಸುವಿನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಕಾವ್ಯ ಬರೆದ ಜಿಲ್ಲೆ ಇದು, ಹಾಗಾಗಿ "ನಮಗೆ ಹಿಡಿಸುತ್ತದಾ" ಅನ್ನುವ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಈ ಪುಸ್ತಕಗಳ ಹುಚ್ಚು ಹತ್ತಿಸಿದ್ದು ಪಕ್ಕದ ಮನೆಯ ಬಾಯಮ್ಮ, ಅವರು ಕ್ರೈಸ್ತರು. ಅವರ ಮಗಳು ಗಲ್ಫಿನಿಂದ ಒಂದು ಪೆಟ್ಟಿಗೆ ಹಳೆ ಇಂಗ್ಲಿಷ್ ಪುಸ್ತಕ ತಂದಿಟ್ಟು ಹೋಗಿದ್ದಳು. ಬಾಯಮ್ಮನಿಗೆ ಕಣ್ಣಿನ ಪೊರೆ. ನಾನು ಓದಿ ಕನ್ನಡದಲ್ಲಿ ಕಥೆ ಹೇಳಬೇಕು, ಅವರು ಮೆಟ್ಟುಕತ್ತಿಯಲ್ಲಿ ನಮ್ಮ ಅಡಿಕೆ ಸುಲಿಯಬೇಕು. ಹಾಗೆ ಒಪ್ಪಂದ.

ಒಂದು ಪುಸ್ತಕದ ರಟ್ಟೇ ಹೋಗಿತ್ತು, ಹೆಸರು ಗೊತ್ತಿಲ್ಲ. ಇಂಗ್ಲೆಂಡಿನ ಒಂದು ಹಳ್ಳಿ. ನಾಯಕನ ಅಪ್ಪ ಅಮ್ಮನಿಗೆ ಮದುವೆ ಆಗಿತ್ತು ಅನ್ನುವುದಕ್ಕೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮದುವೆ ದಾಖಲಿಸುವ ಪುಸ್ತಕದಲ್ಲಿ ಪುರಾವೆ ಇಲ್ಲ, ಆ ಹಾಳೆಯನ್ನು ಯಾರೋ ಹರಿದಿದ್ದಾರೆ. ಪುರಾವೆ ಸಿಗದಿದ್ದರೆ ಅವನಿಗೆ ಆಸ್ತಿ ಇಲ್ಲ. ಆಗ ಅತ್ತೆಯೊಬ್ಬಳು ಸಾಕ್ಷಿ ಹೇಳುತ್ತಾಳೆ: ಮದುವೆಗೆ ಮೊದಲಿನ ಮೂರು ಭಾನುವಾರವೂ ಪಾದ್ರಿ ಮದುಮಕ್ಕಳ ಹೆಸರು ಓದುವಾಗ ನಾನಿದ್ದೆ, ಮದುಮಗ ಮುಂದಿನ ಬೆಂಚಿನಲ್ಲೇ ಕೂತಿದ್ದ. ನಾನು ಮುಂದೆ ಓದುತ್ತಾ ಹೋದೆ. ಬಾಯಮ್ಮನ ಕೈ ನಿಂತಿತು.

"ಅವ ಹಡಗಿನಿಂದ ಇಳಿದದ್ದು ಮದುವೆಗೆ ಹತ್ತೇ ದಿನ ಮೊದಲು ಅಂತ ಆಗ ಹೇಳಿದ್ದೆ ಅಲ್ವಾ? ಹತ್ತು ದಿನದಲ್ಲಿ ಮೂರು ಆದಿತ್ಯವಾರ ಎಲ್ಲಿಂದ ಬರ್ತದೆ ಮಗಾ?"

ನಾನು ಹಿಂದಿನ ಪುಟ ತಿರುಗಿಸಿದೆ. ಹೌದು, ಹತ್ತು ದಿನ. ಅತ್ತೆ ಸುಳ್ಳು ಹೇಳುತ್ತಿದ್ದಳು. ಕಥೆಯ ನಾಯಕಿಗೆ ಇದು ಹೊಳೆಯಲು ಇನ್ನೂ ನೂರೈವತ್ತು ಪುಟ ಬೇಕಾಯಿತು. ಮದುವೆಗೆ ಮೊದಲು ಇಗರ್ಜಿಯಲ್ಲಿ ಹೆಸರು ಓದುವುದನ್ನು ಜೀವಮಾನವಿಡೀ ಕೇಳಿಸಿಕೊಂಡವರಿಗೆ ಲೆಕ್ಕ ಎಷ್ಟು ಬೇಗ ಸಿಕ್ಕಿತು ನೋಡಿ.

ಈ ಜಾತಿಯ ಕಾದಂಬರಿಯಲ್ಲಿ ನನಗೆ ಇಷ್ಟವಾಗುವುದು ಇಲ್ಲೇ. ಒಳ್ಳೆಯದರಲ್ಲಿ ಕೊಲೆ, ರಕ್ತ ಕಡಿಮೆ. ಗುಟ್ಟು ಇರುವುದು ಮನೆಯೊಳಗೆ, ಇಗರ್ಜಿಯ ಪುಸ್ತಕದಲ್ಲಿ, ಹಳೆ ಕಾಗದದಲ್ಲಿ. ಅದಕ್ಕೆ ಕಾರಣವೂ ಇದೆ. ಇಂಗ್ಲೆಂಡಿನಲ್ಲಿ 1753ರಲ್ಲಿ ಮದುವೆಯ ಕಾನೂನು ಬಂತು, ಮರುವರ್ಷ ಜಾರಿಯಾಯಿತು. ಮೂರು ಭಾನುವಾರ ಹೆಸರು ಓದಬೇಕು, ಇಲ್ಲವೇ ಲೈಸೆನ್ಸ್ ತರಬೇಕು. ಪುಸ್ತಕದಲ್ಲಿ ಗಂಡು ಹೆಣ್ಣು ಇಬ್ಬರೂ, ಸಾಕ್ಷಿಗಳೂ ಸಹಿ ಹಾಕಬೇಕು. 21 ತುಂಬದವರು ಲೈಸೆನ್ಸಿನ ಮೇಲೆ ಮದುವೆಯಾಗುವುದಾದರೆ ಹೆತ್ತವರ ಒಪ್ಪಿಗೆ ಬೇಕು. ಆದರೆ ಸ್ಕಾಟ್ಲೆಂಡಿಗೆ ಈ ಕಾನೂನು ಇರಲಿಲ್ಲ. ಹಾಗಾಗಿ ಪ್ರೇಮಿಗಳು ಗಾಡಿ ಕಟ್ಟಿಕೊಂಡು ಗಡಿ ದಾಟಿ ಗ್ರೆಟ್ನಾ ಗ್ರೀನಿಗೆ ಓಡುತ್ತಿದ್ದರು. ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿದ ಕೂಡಲೇ ಪೆಟ್ರೋಲ್ ರೇಟು ಬದಲಾಗುವುದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? 1813ರಿಂದ ಜ್ಞಾನಸ್ನಾನಕ್ಕೂ ಹೂಳುವುದಕ್ಕೂ ಅಚ್ಚು ಹಾಕಿದ ಬೇರೆ ಬೇರೆ ಪುಸ್ತಕ ಬಂತು. ಕಾದಂಬರಿ ಬರೆಯುವವರಿಗೆ ಇದಕ್ಕಿಂತ ಎಂತ ಬೇಕು? ಒಂದು ಹಾಳೆ ಹರಿದರೆ, ಒಂದು ಸಹಿ ಬೇರೆಯವರದ್ದಾದರೆ ಕಥೆ ತಯಾರು.

ಇನ್ನು ಉಪದೇಶದ ವಿಷಯ. ಇರುತ್ತದೆ, ಸುಳ್ಳು ಹೇಳುವುದಿಲ್ಲ. ಕೆಲವು ಪುಸ್ತಕದಲ್ಲಿ ಇನ್ನೂರನೇ ಪುಟಕ್ಕೆ ಸರಿಯಾಗಿ ಒಬ್ಬ ಮುದುಕ ಪಾದ್ರಿ ಬಂದು ನಾಯಕಿಗೆ ಎರಡು ಪುಟ ಬುದ್ಧಿ ಹೇಳುತ್ತಾನೆ. ಆ ಎರಡು ಪುಟ ಹಾರಿಸಿದರೂ ಕಥೆಗೆ ಏನೂ ಆಗುವುದಿಲ್ಲ. ಅಂಥದ್ದು ನನಗೆ ಬೇಡ. ಒಳ್ಳೆಯದರಲ್ಲಿ ಹಾರಿಸಲು ಆಗುವುದೇ ಇಲ್ಲ. ಯಾಕೆಂದರೆ ಅಲ್ಲಿ ಗುಟ್ಟು ಬಚ್ಚಿಟ್ಟವರೇ ಪ್ರೀತಿಸುವವರು. ನಿಜ ಹೇಳಿದರೆ ಮದುವೆ ಮುರಿಯಬಹುದು, ಹೇಳದಿದ್ದರೆ ಪ್ರಾರ್ಥನೆಗೆ ಕೂರಲು ಮನಸ್ಸು ಒಪ್ಪುವುದಿಲ್ಲ. ಭಕ್ತಿ, ಪ್ರೀತಿ, ಪತ್ತೇದಾರಿ ಮೂರೂ ಒಂದೇ ಗಂಟು. ಪುಸ್ತಕ ಆರಿಸುವಾಗ ಇದೊಂದು ನೋಡಿಕೊಳ್ಳಿ: ಗುಟ್ಟು ಯಾರದ್ದು? ಎಲ್ಲಿಂದಲೋ ಬಂದ ಖಳನಾಯಕನದ್ದಾದರೆ ಸಾಧಾರಣ. ನಾಯಕ ನಾಯಕಿಯದ್ದೇ ಆದರೆ ತೆಗೆದುಕೊಳ್ಳಿ.

ಹಾಗಾಗಿ ನಾನು ಮೊದಲು ಕೊಡುವುದು ಜೂಲಿ ಕ್ಲಾಸೆನ್ ಅವರ 'ದಿ ಸೈಲೆಂಟ್ ಗವರ್ನೆಸ್'. ಮನೆ ಬಿಟ್ಟು ಓಡಿಬಂದ ಹುಡುಗಿ, ಅವಳಿಗೂ ಒಂದು ಭಯ ಇದೆ. ದಾರಿಯಲ್ಲಿ ದೊಡ್ಡ ಮನೆಯೊಂದರ ಮಗನ ಗುಟ್ಟು ಅವಳ ಕಿವಿಗೆ ಬೀಳುತ್ತದೆ. ಅದು ಹೊರಗೆ ಹೋಗಬಾರದೆಂದು ಅವನು ಅವಳನ್ನು ಅಲ್ಲೇ ಕೆಲಸಕ್ಕೆ ಇರಿಸಿಕೊಳ್ಳುತ್ತಾನೆ. ಇಬ್ಬರ ಕೈಯಲ್ಲೂ ಒಂದೊಂದು ಗುಟ್ಟು. ಇದಕ್ಕೆ ಕ್ರಿಸ್ಟಿ ಪ್ರಶಸ್ತಿ ಬಂದಿದೆ, ಕ್ರೈಸ್ತ ಕಾದಂಬರಿಗಳಿಗೆಂದೇ ಕೊಡುವ ಪ್ರಶಸ್ತಿ ಅದು.

ಜನ ನಿಮಗೆ ಇನ್ನೆರಡು ಹೆಸರು ಖಂಡಿತ ಹೇಳುತ್ತಾರೆ. ಜಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್ಲಿ', 1979ರದ್ದು. ಈ ಬಗೆಯ ಪುಸ್ತಕಕ್ಕೆ ಮಾರುಕಟ್ಟೆ ತೆರೆದುಕೊಟ್ಟದ್ದೇ ಅದು. ಮೆತ್ತಗಿನ ಕಥೆ, ಆದರೆ ಪತ್ತೇದಾರಿ ಇಲ್ಲ. ಇನ್ನೊಂದು ಫ್ರಾನ್ಸಿನ್ ರಿವರ್ಸ್ ಅವರ 'ರಿಡೀಮಿಂಗ್ ಲವ್'. ದಾರಿ ತಪ್ಪಿದ ಹೆಂಡತಿಯನ್ನು ಮತ್ತೆ ಕರೆತಂದ ಬೈಬಲಿನ ಪ್ರವಾದಿ ಹೋಶೇಯನ ಕಥೆಯನ್ನು ಚಿನ್ನಕ್ಕೆ ಮುಗಿಬಿದ್ದ ಕಾಲದ ಕ್ಯಾಲಿಫೋರ್ನಿಯಾಕ್ಕೆ ತಂದಿದ್ದಾರೆ. ಅದರಲ್ಲಿ ಸಣ್ಣ ಹುಡುಗಿಯನ್ನು ಮಾರುವ ಭಾಗ ಇದೆ, ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅದರಿಂದ ಶುರು ಮಾಡಬೇಡಿ.

ಕ್ರೈಸ್ತ ಅನ್ನುವ ಹಣೆಪಟ್ಟಿಯೇ ಬೇಡ ಅಂದರೆ 1847ರ 'ಜೇನ್ ಐರ್' ಇದೆಯಲ್ಲ. ಪಾದ್ರಿಯ ಮಗಳು ಷಾರ್ಲೆಟ್ ಬ್ರಾಂಟೆ ಬರೆದದ್ದು. ದೊಡ್ಡ ಮನೆ, ಮಾಳಿಗೆಯಿಂದ ಕೇಳುವ ನಗು, ಮದುವೆಯ ಹೊತ್ತಿಗೆ ಎದ್ದು ನಿಂತು ತಡೆಯುವವನು. ಈಗಿನವರು ಬರೆಯುವ ಅರ್ಧ ಸಾಮಾನು ಅಲ್ಲಿಂದಲೇ ಎತ್ತಿದ್ದು.

ಕೊಳ್ಳುವಾಗ ಒಂದು ಎಚ್ಚರ. ಇವು ಜಾಸ್ತಿ ಸರಣಿಯಲ್ಲಿ ಬರುತ್ತವೆ. ಬಾಯಮ್ಮನ ಪೆಟ್ಟಿಗೆಯಲ್ಲಿ ಒಂದು ಸರಣಿಯ ಮೂರನೆಯದು ಮಾತ್ರ ಇತ್ತು. ಮೊದಲ ಪುಟದಲ್ಲೇ ಹಿಂದಿನ ಎರಡು ಪುಸ್ತಕದಲ್ಲಿ ಗುಟ್ಟು ಬಚ್ಚಿಟ್ಟವರು ಮದುವೆಯಾಗಿ, ಮಕ್ಕಳೊಂದಿಗೆ ಚಹಾ ಕುಡಿಯುತ್ತಿದ್ದರು! ಮೊಬೈಲಿನಲ್ಲಿ ಕಿಂಡಲ್ ಆ್ಯಪ್ ಇದ್ದರೆ ಮೊದಲ ಕೆಲವು ಪುಟ ದುಡ್ಡಿಲ್ಲದೆ ಓದಿ ನೋಡಬಹುದು. ಇಂಗ್ಲಿಷ್ ಕಷ್ಟವಲ್ಲ, ಉಡುಪಿನ ಮತ್ತು ಕುದುರೆಗಾಡಿಯ ಹೆಸರುಗಳು ಮಾತ್ರ ತಲೆ ತಿನ್ನುತ್ತವೆ. ನಾನು ಎಲ್ಲದಕ್ಕೂ "ಗಾಡಿ" ಎಂದೇ ಹೇಳಿದೆ, ಬಾಯಮ್ಮ ಆಕ್ಷೇಪ ಎತ್ತಲಿಲ್ಲ.

ಆ ರಟ್ಟಿಲ್ಲದ ಪುಸ್ತಕ ಮುಗಿದ ದಿನ ಮಾತ್ರ ಅವರಿಗೆ ಸಮಾಧಾನ ಆಗಲಿಲ್ಲ. ಹಾಳೆ ಸಿಕ್ಕಿತು, ಆಸ್ತಿ ಸಿಕ್ಕಿತು, ಮದುವೆಯೂ ಆಯಿತು. ಇಗರ್ಜಿಯ ಹಾಳೆಯಲ್ಲಿ ಎರಡನೇ ಸಾಕ್ಷಿಯಾಗಿ ಒಬ್ಬ ಅಡುಗೆಯವಳ ಹೆಬ್ಬೆಟ್ಟಿನಂಥ ಗುರುತು ಇತ್ತು, ಬರೀ ಎರಡು ಗೀಟಿನ ಶಿಲುಬೆ.

"ಅವಳು ಎಂತ ಆದಳು?" ಎಂದು ಕೇಳಿದರು. ಹುಡುಕಿದೆ. ಪುಸ್ತಕದಲ್ಲಿ ಇರಲಿಲ್ಲ.