ನಮ್ಮೂರ ವೀರಗಲ್ಲಿನ ಬಗ್ಗೆ ಯಾರಿಗೆ ಹೇಳಬೇಕು?

ಗಂಗಾವತಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "2020ರಲ್ಲಿ ಹಂಪಿಗೇ ಕೇಂದ್ರದ ಪುರಾತತ್ವ ವೃತ್ತ, ಅಂದರೆ ಪುರಾತತ್ವ ಇಲಾಖೆಯ ಪ್ರಾದೇಶಿಕ ಕಚೇರಿ, ಬಂತು. ಮರುವರ್ಷ ವಿಜಯನಗರ ಜಿಲ್ಲೆಯೂ ಆಯಿತು. ಆದರೆ ನಮ್ಮೂರ ಹೊಲದ ಬದುವಿನ ವೀರಗಲ್ಲಿಗೆ ಇನ್ನೂ ದನ ಕಟ್ಟುತ್ತಾರೆ. ಯಾರಿಗೆ ಹೇಳಬೇಕು?"

ಪ್ರಿಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೇಸರವಾಯಿತು. ಯಾವ ಕಚೇರಿಗೆ ಹೇಳಬೇಕೆಂಬ ಈ ತೊಂದರೆ ನಿಮ್ಮ ಸೀಮೆಗೆ ಹಳೆಯದು. ಹಂಪಿ, ಆನೆಗೊಂದಿ ಎರಡೂ ಒಂದೇ ತುಂಗಭದ್ರಾ ಹೊಳೆಯ ಆಚೆ ಈಚೆ, ಒಂದೇ ಚರಿತ್ರೆ, ಅಲ್ವಾ? ಆದರೂ ಹಂಪಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಆನೆಗೊಂದಿ 1956ರವರೆಗೆ ಹೈದರಾಬಾದಿಗೆ. ಮದ್ರಾಸ್ ಕಡೆಯ ಶಾಸನಗಳ ಪಡಿಯಚ್ಚುಗಳು (ಕಲ್ಲಿನ ಬರಹವನ್ನು ಕಾಗದದ ಮೇಲೆ ಒತ್ತಿ ತೆಗೆದ ಪ್ರತಿಗಳು) ಊಟಿಯ ಕೇಂದ್ರ ಶಾಸನ ಕಚೇರಿಯಲ್ಲಿದ್ದವು. ಆ ಕಚೇರಿ ಮೈಸೂರಿಗೆ ಬಂದದ್ದು 1966ರಲ್ಲಿ. ಆನೆಗೊಂದಿ ಇರುವ ನಿಮ್ಮ ದಂಡೆಯನ್ನು ನೋಡುತ್ತಿದ್ದದ್ದು 1914ರಲ್ಲಿ ಶುರುವಾದ ನಿಜಾಮರ ಪುರಾತತ್ವ ಇಲಾಖೆ. ಆಮೇಲೆ 1997ರಲ್ಲಿ ರಾಯಚೂರು ಒಡೆದು ಕೊಪ್ಪಳ, 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ. ಇವತ್ತಿಗೂ ಹೊಳೆಯೇ ಗಡಿ.

ಹೊಸ ಜಿಲ್ಲೆ, ಹೊಸ ವೃತ್ತ ಬೇಡ ಅಂತ ನಾನು ಹೇಳುವುದಿಲ್ಲ. ಅಧಿಕಾರಿ ಹತ್ತಿರ ಬಂದರೆ ಒಳ್ಳೆಯದೇ. ಆದರೆ ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ಮುಖ್ಯವಾಗಿ ಕಾಯುವುದು ಪಟ್ಟಿಗೆ ಸೇರಿದ ಸ್ಮಾರಕವನ್ನು. ಕಚೇರಿ ಬದಲಾದರೂ ಅಂಥ ಸ್ಮಾರಕದ ಕಡತ ತಡವಾಗಿಯಾದರೂ ಹೊಸ ಮೇಜಿಗೆ ಬರುತ್ತದೆ. ನಿಮ್ಮ ವೀರಗಲ್ಲಿಗೆ ಕಡತವೇ ಇಲ್ಲದಿದ್ದರೆ ಬರುವುದಾದರೂ ಏನು?

ಹಂಪಿ ಪ್ರಾಧಿಕಾರ, ಅಂದರೆ ಹಂಪಿ ವಿಶ್ವ ಪರಂಪರೆ ಪ್ರದೇಶವನ್ನು ನೋಡಿಕೊಳ್ಳುವ ಸಂಸ್ಥೆ, ನನಗೆ ಇಷ್ಟವಾಗುವುದು ಒಂದು ಕಾರಣಕ್ಕೆ. 1999ರಲ್ಲಿ ಸೇತುವೆ ಕಾಮಗಾರಿಯಿಂದಾಗಿ ಹಂಪಿ ಯುನೆಸ್ಕೊದ ಅಪಾಯದ ಪಟ್ಟಿಗೆ ಬಿತ್ತು. ಆಮೇಲೆ 2002ರ ಕಾಯ್ದೆಯಲ್ಲಿ ಈ ಪ್ರಾಧಿಕಾರ ಬಂತು. ಅದರ ವ್ಯಾಪ್ತಿ ಜಿಲ್ಲೆಯ ಗಡಿಗೆ ನಿಲ್ಲಲಿಲ್ಲ, ಎರಡೂ ದಂಡೆಯ ಹಳ್ಳಿಗಳನ್ನು ಒಳಗೆ ತಂದಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಆಡಳಿತ ಹೀಗೆ ಸ್ಮಾರಕದ ಹಿಂದೆ ಹೋಗಬೇಕು. ನಿಮ್ಮ ಗಂಗಾವತಿ ಹತ್ತಿರದ ಹಿರೇಬೆಣಕಲ್‌ನ ಮೋರ್ಯರ ಗುಡ್ಡದ ಕಲ್ಮನೆಗಳು (ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ಹಳೇ ಕಾಲದ ಸಮಾಧಿಗಳು) ಎರಡು ಸಾವಿರ ವರ್ಷಕ್ಕೂ ಜಾಸ್ತಿ ಹಳೆಯವು. ಅವು ನೋಡಿದ ಸರ್ಕಾರಗಳೆಷ್ಟೋ!

ಈಗ ನಿಮ್ಮ ಕೆಲಸ. ಕಲ್ಲನ್ನು ಕದಲಿಸಬೇಡಿ, ಬಣ್ಣ ಬಳಿಯಲು ಬಿಡಬೇಡಿ. ಹೊಲದ ಯಜಮಾನರ ಹತ್ತಿರ ಕೂತು ಮಾತಾಡಿ, ದನಕ್ಕೆ ಬೇರೆ ಗೂಟ ಹೊಡೆಸಿ. ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಸರ್ವೆ ನಂಬರ್ ಬರೆದುಕೊಳ್ಳಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಅದನ್ನು ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಸುಮ್ನೆ ಬಾಯಿಮಾತಲ್ಲಿ ಹೇಳಿ ಬರಬೇಡಿ. ಕಲ್ಲಿನ ಮೇಲೆ ಅಕ್ಷರ ಇದ್ದರೆ ಅದರ ಫೋಟೋ ನಮಗೂ ಕಳಿಸಿ, ಓದಬಲ್ಲವರಿಗೆ ತೋರಿಸುತ್ತೇವೆ.

– ಸಂಪಾದಕ