ದ್ರಾಕ್ಷಿಗೆ ಮ್ಯಾಂಕೋಜೆಬ್ ಹೊಡೆದಿದ್ದರೂ ಲ್ಯಾಬ್ ರಿಪೋರ್ಟ್‌ನಲ್ಲಿ ಯಾಕಿಲ್ಲ?

ನೀವು ಕೇಳಿರುವುದು: ಚಿಕ್ಕಬಳ್ಳಾಪುರದ ಹತ್ತಿರ ದಿಲ್‌ಖುಷ್ ತಳಿಯ ದ್ರಾಕ್ಷಿ ತೋಟ, ಕಟಾವಿಗೆ ಮುಂಚೆ ಹಣ್ಣನ್ನು ಲ್ಯಾಬಿಗೆ ಕೊಟ್ಟಿರಿ, ಕೀಟನಾಶಕ ಇಮಿಡಾಕ್ಲೋಪ್ರಿಡ್ ಕೆ.ಜಿ.ಗೆ 0.03 ಮಿ.ಗ್ರಾಂ ಎಂದು ಬಂತು, ಡೌನಿ ರೋಗಕ್ಕೆ ಹೊಡೆದ ಶಿಲೀಂಧ್ರನಾಶಕ ಮ್ಯಾಂಕೋಜೆಬ್‌ನ ಸುಳಿವೇ ಇಲ್ಲ. ಮಿಷನ್ ಸರಿಯಿಲ್ಲವೇ?

ಮಿಷನ್ ಮೇಲೆ ಅನುಮಾನ ಬೇಡ. ಮ್ಯಾಂಕೋಜೆಬ್ ಬಹುಶಃ ಮಿಷನ್‌ವರೆಗೆ ಹೋಗಿಯೇ ಇಲ್ಲ. ಹಣ್ಣಿನಿಂದ ದ್ರಾವಕಕ್ಕೆ ಇಳಿದು ಬಂದದ್ದನ್ನು ಮಾತ್ರ ಆ ಮಿಷನ್, ಅಂದರೆ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್, ನೋಡುತ್ತದೆ. ಅದರಲ್ಲೂ ಹುಡುಕು ಎಂದು ಪಟ್ಟಿಯಲ್ಲಿ ಹೇಳಿದ್ದನ್ನು ಮಾತ್ರ.

ಒಂದೇ ಸಲಕ್ಕೆ ನೂರಾರು ಔಷಧಿ ನೋಡುವ ಪರೀಕ್ಷೆಗೆ ಹೆಚ್ಚಿನ ಲ್ಯಾಬ್‌ಗಳು ಬಳಸುವುದು 2003ರಲ್ಲಿ ಬಂದ ಕ್ವೆಚರ್ಸ್ ವಿಧಾನ. ಅರೆದ ಹಣ್ಣು 10 ಗ್ರಾಂ, ಅದಕ್ಕೆ 10 ಮಿ.ಲೀ. ಅಸಿಟೋನೈಟ್ರೈಲ್ ಹಾಕಿ ಕುಲುಕುತ್ತಾರೆ. ಆಮೇಲೆ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು. ಸಲ್ಫೇಟ್ ನೀರು ಹೀರುವಾಗ ಟ್ಯೂಬ್ ಬಿಸಿಯಾಗುತ್ತದೆ. ತಕ್ಷಣ ಜೋರಾಗಿ ಕುಲುಕದಿದ್ದರೆ ಗಟ್ಟಿ ಗಂಟು ಕಟ್ಟಿ, ಅದರೊಳಗಿನ ಔಷಧಿ ಹೊರಬರುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ಪದರ ತೆಗೆದು, ಪ್ರತಿ ಮಿ.ಲೀ.ಗೆ 150 ಮಿ.ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 25 ಮಿ.ಗ್ರಾಂ ಪಿಎಸ್‌ಎ ಪುಡಿ ಹಾಕಿದರೆ ಹಣ್ಣಿನ ಹುಳಿ ಮತ್ತು ಸಕ್ಕರೆಯ ಬಹುಪಾಲು ಪುಡಿಗೆ ಅಂಟುತ್ತದೆ. ಬೆಂಗಳೂರು ಬ್ಲೂ ಹಣ್ಣಿನ ಬಣ್ಣ ತೆಗೆಯಲೆಂದು ಇಂಗಾಲದ ಪುಡಿ ಜಾಸ್ತಿ ಸುರಿದರೆ ಕಾರ್ಬೆಂಡಜಿಮ್‌ನಂಥ ಚಪ್ಪಟೆ ಅಣುಗಳೂ ಅದರ ಜೊತೆಗೇ ಹೋಗುತ್ತವೆ.

ಇಮಿಡಾಕ್ಲೋಪ್ರಿಡ್ ಈ ದಾರಿಯಲ್ಲಿ ಸಲೀಸಾಗಿ ಬರುತ್ತದೆ. ಸಾರವನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ತೂಗುವ ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ 256 ತೂಕದ ಅಯಾನನ್ನು (ವಿದ್ಯುದಂಶ ಹೊತ್ತ ಅಣುವನ್ನು) ಹಿಡಿದು ಒಡೆದು, 209 ಮತ್ತು 175 ಎಂಬ ಎರಡು ಚೂರುಗಳನ್ನು ನೋಡುತ್ತಾರೆ. ಎರಡರ ಅನುಪಾತ ಸ್ಟ್ಯಾಂಡರ್ಡ್‌ನ, ಅಂದರೆ ಪ್ರಮಾಣ ಗೊತ್ತಿರುವ ಶುದ್ಧ ಔಷಧಿಯ, ಅನುಪಾತಕ್ಕೆ ಶೇ. 30ರೊಳಗೆ ಹೊಂದಬೇಕು, ಕಾಲಂನಿಂದ ಹೊರಬರುವ ಸಮಯ 0.1 ನಿಮಿಷಕ್ಕಿಂತ ಆಚೀಚೆ ಆಗಬಾರದು. ಎರಡೂ ಕೂಡಿದರೆ ಹೆಸರಿನ ಬಗ್ಗೆ ಅನುಮಾನ ಉಳಿಯುವುದು ಕಡಿಮೆ. ಪ್ರಮಾಣದ ವಿಷಯ ಬೇರೆ. ಹಣ್ಣಿನ ಉಳಿದ ಸಾರ ಅಯಾನು ಆಗುವುದನ್ನೇ ಅಡ್ಡಗಟ್ಟಿ ಸಂಖ್ಯೆಯನ್ನು ತಗ್ಗಿಸಬಲ್ಲದು. ಅದಕ್ಕೇ ಸ್ಟ್ಯಾಂಡರ್ಡನ್ನು ಬರೀ ದ್ರಾವಕದಲ್ಲಿ ಅಲ್ಲ, ಔಷಧಿ ಹೊಡೆಯದ ದ್ರಾಕ್ಷಿಯ ಸಾರದಲ್ಲಿ ಮಾಡಬೇಕು. ಎಲ್ಲ ಸರಿ ಮಾಡಿದರೂ ಇಂಥ ಪರೀಕ್ಷೆಗೆ ಶೇ. 50ರ ಅನಿಶ್ಚಿತತೆ ಇಟ್ಟುಕೊಳ್ಳುವುದು ವಾಡಿಕೆ. ನಿಮ್ಮ 0.03 ಅನ್ನು 0.015ರಿಂದ 0.045 ಎಂದು ಓದಿ. ಇನ್ನೊಂದು ಲ್ಯಾಬ್ 0.04 ಎಂದರೆ ಅದು ಜಗಳಕ್ಕೆ ಕಾರಣವಲ್ಲ.

ಮ್ಯಾಂಕೋಜೆಬ್ ಮ್ಯಾಂಗನೀಸ್, ಸತು ಹಿಡಿದಿಟ್ಟ ಉದ್ದ ಸರಪಳಿ. ಅದು ಅಸಿಟೋನೈಟ್ರೈಲ್‌ನಲ್ಲಿ ಕರಗುವುದಿಲ್ಲ. ಹುಳಿ ಹಣ್ಣಿನ ಜೊತೆ ಅರೆದರೆ ರಸದಲ್ಲೇ ಒಡೆಯತೊಡಗುತ್ತದೆ. ಹಾಗಾಗಿ ಅದಕ್ಕೆ ಬೇರೆ ಪರೀಕ್ಷೆ: ಅರೆಯದ ಹಣ್ಣನ್ನು ಭದ್ರ ಮುಚ್ಚಳದ ಬಾಟಲಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಸ್ಟ್ಯಾನಸ್ ಕ್ಲೋರೈಡ್ ಜೊತೆ ಸುಮಾರು 80 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸುತ್ತಾರೆ. ಮ್ಯಾಂಕೋಜೆಬ್ ಒಡೆದು ಕಾರ್ಬನ್ ಡೈಸಲ್ಫೈಡ್ (ಸಿಎಸ್2) ಅನಿಲವಾಗಿ ಮೇಲಿನ ಐಸೋಆಕ್ಟೇನ್ ದ್ರಾವಕದ ಪದರಕ್ಕೆ ಸೇರುತ್ತದೆ. ಅದನ್ನು ಆವಿಯಾಗಿಸಿ ಬೇರ್ಪಡಿಸಿ ತೂಗುವ ಜಿಸಿ-ಎಂಎಸ್‌ಗೆ ಕೊಟ್ಟರೆ ತೂಕ 76ರಲ್ಲಿ ದೊಡ್ಡ ಗೆರೆ, 78ರಲ್ಲಿ ಅದರ ಸುಮಾರು ಶೇ. 9ರಷ್ಟು ಚಿಕ್ಕ ಗೆರೆ ಬರುತ್ತದೆ. ಗಂಧಕದ ಭಾರದ ಐಸೋಟೋಪ್‌ನಿಂದ ಬರುವ ಈ ಚಿಕ್ಕ ಗೆರೆಯೇ ಗುರುತಿನ ಸಾಕ್ಷಿ. ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಅನಿಲ ಹಾರಿಹೋಗಿ ಸಂಖ್ಯೆ ಸುಳ್ಳಾಗುತ್ತದೆ. ರಬ್ಬರ್ ಗ್ಲೌಸ್‌ನಲ್ಲೂ ಇದೇ ಜಾತಿಯ ರಾಸಾಯನಿಕ ಇರುವುದರಿಂದ, ಹಣ್ಣು ಮುಟ್ಟುವಾಗ ಅದು ಬೇಡ.

ಮ್ಯಾಂಕೋಜೆಬ್‌ನ ಡೈಥಿಯೋಕಾರ್ಬಮೇಟ್ ಗುಂಪಿಗೇ ಸೇರಿದ ಥೈರಮ್, ಜೈರಮ್, ಪ್ರೊಪಿನೆಬ್ ಎಲ್ಲವೂ ಇದೇ ಅನಿಲ ಕೊಡುತ್ತವೆ, ಆದ್ದರಿಂದ ರಿಪೋರ್ಟ್‌ನಲ್ಲಿ ‘ಡೈಥಿಯೋಕಾರ್ಬಮೇಟ್, ಸಿಎಸ್2 ಲೆಕ್ಕದಲ್ಲಿ’ ಎಂದಷ್ಟೇ ಬರುತ್ತದೆ. 1 ಮಿ.ಗ್ರಾಂ ಸಿಎಸ್2 ಅಂದರೆ ಸುಮಾರು 1.78 ಮಿ.ಗ್ರಾಂ ಮ್ಯಾಂಕೋಜೆಬ್. ಹಣ್ಣಿನಲ್ಲಿ ಇರಬಹುದಾದ ಗರಿಷ್ಠ ಮಿತಿಯೂ ಅದೇ ಲೆಕ್ಕದಲ್ಲಿದೆಯೇ ಎಂದು ನೋಡದೆ ಹೋಲಿಸಬೇಡಿ.

ಬಳ್ಳಿಯ ಬೆಳವಣಿಗೆ ತಡೆಯುವ ಲಿಹೋಸಿನ್ ಬಳಸಿದ್ದರೆ ಇದನ್ನೂ ಗಮನಿಸಿ. ಅದರಲ್ಲಿರುವ ಕ್ಲೋರ್‌ಮೆಕ್ವಾಟ್ ಸದಾ ವಿದ್ಯುದಂಶ ಹೊತ್ತ ಅಣು, ಕ್ವೆಚರ್ಸ್‌ನಲ್ಲಿ ನೀರಿನ ಪದರದಲ್ಲೇ ಉಳಿದುಬಿಡುತ್ತದೆ. ಫಾರ್ಮಿಕ್ ಆಮ್ಲ ಸೇರಿಸಿದ ಮೆಥನಾಲ್‌ನಲ್ಲಿ ಅದನ್ನು ಬೇರೆಯಾಗಿ ತೆಗೆದು ನೋಡಬೇಕು. 2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಡೆಗೆ ಸಿಕ್ಕಿದ್ದು ಇದೇ ಕ್ಲೋರ್‌ಮೆಕ್ವಾಟ್‌ನಿಂದ. ಹಣ್ಣು ಮಾಗಿಸುವ ಎಥ್ರೆಲ್‌ನಲ್ಲಿರುವ ಎಥೆಫಾನ್‌ಗೂ ಹೀಗೆಯೇ ಪ್ರತ್ಯೇಕ ಪರೀಕ್ಷೆ ಬೇಕು.

ಮುಂದಿನ ಸಲ ಹಣ ಕಟ್ಟುವ ಮೊದಲು ನೀವು ಹೊಡೆದ ಔಷಧಿಗಳ ಪಟ್ಟಿ ಕೊಟ್ಟು, ಪ್ರತಿಯೊಂದೂ ಅವರ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ, ಅಳೆಯಬಲ್ಲ ಕನಿಷ್ಠ ಮಟ್ಟ ಕೆ.ಜಿ.ಗೆ 0.01 ಮಿ.ಗ್ರಾಂ ಇದೆಯೇ ಎಂದು ಕೇಳಿ. ‘ಬಿಎಲ್‌ಕ್ಯೂ’ ಅಂದರೆ ಆ ಮಟ್ಟಕ್ಕಿಂತ ಕಡಿಮೆ ಎಂದಷ್ಟೇ, ಸೊನ್ನೆ ಅಂತಲ್ಲ. ಪಟ್ಟಿಯಲ್ಲೇ ಇಲ್ಲದ್ದಕ್ಕೆ ಅದೂ ಅನ್ವಯಿಸುವುದಿಲ್ಲ. ಸ್ಯಾಂಪಲ್‌ಗೆ ತೋಟದ ಬೇರೆ ಬೇರೆ ಸಾಲಿನಿಂದ ಕನಿಷ್ಠ 5 ಗೊಂಚಲು, ಒಟ್ಟು 2 ಕೆ.ಜಿ. ಬೇಕು. ತೊಳೆಯಬೇಡಿ, ಒರೆಸಬೇಡಿ. ಹೊಸ ಚೀಲದಲ್ಲಿ ಹಾಕಿ, ಐಸ್ ಪೆಟ್ಟಿಗೆಯಲ್ಲಿ ಅದೇ ದಿನ ತಲುಪಿಸಿ. ಜೊತೆಗೆ ಒಂದು ಚೀಟಿಯಲ್ಲಿ ‘ಡೈಥಿಯೋಕಾರ್ಬಮೇಟ್‌ಗೆ ಒಂದು ಭಾಗ ಅರೆಯದೆ ತೆಗೆದಿಡಿ’ ಎಂದು ಬರೆದುಕೊಡಿ.